ಕೊನೆಗೆ ಉಣ್ಣುವವಳ ತಾಟು

ಹಾವೇರಿಯ ಒಳ್ಳೆಯ ಖಾನಾವಳಿಯಲ್ಲಿ ರೊಟ್ಟಿಗಿಂತ ಮೊದಲು ಹಸಿ ತಪ್ಪಲು ಬರುತ್ತದೆ. ಮೆಂತ್ಯೆಯ ಎಳೆ ಕುಡಿಗಳು, ಉದ್ದಕ್ಕೆ ಸೀಳಿದ ಸೌತಿಕಾಯಿ, ಎಲೆ ಸಮೇತದ ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು, ಅರ್ಧ ಲಿಂಬಿಹಣ್ಣು. ಬಡಿಸುವ ಹುಡುಗ ಅದನ್ನು ಟೇಬಲ್ಲಿನ ನಡುವೆ ಇಟ್ಟು ಹೋಗುತ್ತಾನೆ. ಯಾರೂ ಕೇಳಬೇಕಾಗಿಲ್ಲ, ಬಿಲ್ಲಿನಲ್ಲಿ ಅದಕ್ಕೆ ಬೇರೆ ಲೆಕ್ಕವೂ ಇಲ್ಲ. ಹಿಂದೆಯೇ ಕಾಳುಪಲ್ಯ, ಬದನೆಕಾಯಿ ಎಣ್ಣೆಗಾಯಿ, ಯಾವುದಾದರೊಂದು ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಆಮೇಲೆ ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ. ಅನ್ನ-ಸಾರು ಬರುವುದು ಕೊನೆಗೆ, ಅದೂ ಒಂದು ಬಟ್ಟಲಿನಷ್ಟು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಭಾರತೀಯರಿಗೆಂದು ಹೊಸ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ಅದರಲ್ಲಿ ಒಂದು ತಾಟಿನ ಚಿತ್ರವಿದೆ. ತಾಟಿನ ಅರ್ಧಭಾಗ ತರಕಾರಿ, ಸೊಪ್ಪು, ಹಣ್ಣು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ಎಣ್ಣೆಕಾಳು, ತಿನ್ನುವವರಿಗೆ ಮಾಂಸ-ಮೊಟ್ಟೆ, ಜೊತೆಗೆ ಹಾಲು-ಮೊಸರು. ವಿಶ್ವ ಆರೋಗ್ಯ ಸಂಸ್ಥೆ ಬಹಳ ವರ್ಷದಿಂದ ಹೇಳುತ್ತ ಬಂದಿರುವುದೂ ಹೆಚ್ಚುಕಡಿಮೆ ಇದೇ: ದಿನಕ್ಕೆ ಕಡಿಮೆಯೆಂದರೂ 400 ಗ್ರಾಂ ಹಣ್ಣು-ತರಕಾರಿ ಹೊಟ್ಟೆಗೆ ಹೋಗಬೇಕು, ಆಲೂಗಡ್ಡೆಯಂಥ ಗಡ್ಡೆ ಅದರಲ್ಲಿ ಲೆಕ್ಕಕ್ಕಿಲ್ಲ. ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಅದು ಪರಿಚಿತವೆನಿಸಿತು. ನಮ್ಮ ಕಡೆಯ ರೊಟ್ಟಿ ಊಟ ಯಾವ ತಜ್ಞರೂ ಹೇಳಿಕೊಡದೆ ಆ ಲೆಕ್ಕಕ್ಕೆ ಬಲು ಹತ್ತಿರ ಬಂದು ನಿಂತಿದೆ. ಒಣ ರೊಟ್ಟಿಯನ್ನು ಬರಿದೇ ತಿನ್ನಲಾಗದು; ಅದು ಪಲ್ಯವನ್ನು ಬೇಡುತ್ತದೆ, ಚಟ್ನಿ ಬೇಡುತ್ತದೆ, ಹಲ್ಲಿಗೆ ಸಿಗುವ ಹಸಿಯದೇನಾದರೂ ಬೇಡುತ್ತದೆ. ಅನ್ನವಾದರೆ ಒಂದು ಸಾರಿನಲ್ಲಿ ಗಂಟಲಿಳಿಯುತ್ತದೆ.

ಆದರೆ ಖಾನಾವಳಿಯ ತಾಟನ್ನು ತೋರಿಸಿ ನಮ್ಮ ಜಿಲ್ಲೆ ಚೆನ್ನಾಗಿ ಉಣ್ಣುತ್ತದೆ ಎಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಅದು ದುಡ್ಡು ಕೊಟ್ಟು ಕೂತವರ ತಾಟು. ಮನೆಯೊಳಗಿನ ತಾಟು ಬೇರೆ, ಮನೆಯೊಳಗೂ ಮೊದಲು ಕೂತವರದು ಬೇರೆ, ಕೊನೆಗೆ ಕೂತವರದು ಬೇರೆ.

ರೊಟ್ಟಿ ಬಡಿಯುವವಳು ಒಲೆಯ ಮುಂದಿನಿಂದ ಎದ್ದು ಬರುವ ಹೊತ್ತಿಗೆ ಮಕ್ಕಳದು, ಗಂಡಸರದು, ಬಂದ ಬೀಗರದು ಊಟವಾಗಿರುತ್ತದೆ. ರೊಟ್ಟಿ ಕಡಿಮೆ ಬಿದ್ದರೆ ಇನ್ನೆರಡು ಬಡಿಯಬಹುದು. ಪಲ್ಯ ಹಾಗಲ್ಲ, ಬೋಗುಣಿಯಲ್ಲಿ ಇದ್ದಷ್ಟೇ. ಮೊದಲು ಉಂಡವರು ಎರಡನೇ ಸಲ, ಮೂರನೇ ಸಲ ಹಾಕಿಸಿಕೊಂಡಿರುತ್ತಾರೆ. ಅದು ಅಡುಗೆ ಚೆನ್ನಾಗಿದೆ ಎನ್ನುವ ಮಾತೂ ಹೌದು, ಆಕೆಗೆ ಅದರಿಂದ ಸಂತೋಷವೂ ಹೌದು. ಕೊನೆಗೆ ತಳದಲ್ಲಿ ಉಳಿಯುವುದು ಎಣ್ಣೆ, ನಾಲ್ಕು ಕಾಳು. ನಮ್ಮ ಅತ್ತಿಯವರನ್ನು ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದೆ, "ಅತ್ತಿ, ಪಲ್ಯ ಇಲ್ಲಲ್ರಿ, ಏನ್ ಹಚ್ಕೊಂಡು ಉಣ್ತೀರಿ?" ಅವರು ಚಟ್ನಿಯ ಡಬ್ಬಿ ಮುಂದೆ ಎಳೆದುಕೊಂಡು, "ನಂಗ ಇದ ಸೇರತೈತಿ ಬಿಡವ್ವ" ಎನ್ನುತ್ತಿದ್ದರು. ಅವರಿಗೆ ಎಣ್ಣೆಗಾಯಿ ಎಷ್ಟು ಇಷ್ಟವೆಂದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ತವರಿನ ಜಾತ್ರೆಯಲ್ಲಿ ಅವರನ್ನು ಮೊದಲ ಪಂಕ್ತಿಗೆ ಕೂಡಿಸಿದ್ದರು, ಆಗ ನೋಡಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಾರಣಗಳು ಹಲವು: ಮೇಲಿಂದ ಮೇಲೆ ಹೆರಿಗೆ, ಹೊಟ್ಟೆಹುಳು, ದುಡಿತ. ಅವುಗಳ ನಡುವೆ ಈ ಖಾಲಿ ಬೋಗುಣಿಯೂ ಒಂದು ಕಾರಣವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬೋಗುಣಿ ಖಾಲಿಯಾದಾಗ ಕೈಹಿಡಿಯಬಲ್ಲದ್ದು ಪಚಡಿ, ಹಸಿ ತಪ್ಪಲು-ತರಕಾರಿಯ ಕಲಸು; ಅದರ ವಿಷಯ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೆಂತ್ಯೆ ತಪ್ಪಲನ್ನು ಬೇರು ತೆಗೆದು, ಎರಡು ಮೂರು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆದು, ಬಟ್ಟೆಯ ಮೇಲೆ ಹರವಿ, ನೀರಾರಿದ ಮೇಲೆ ಸಣ್ಣಗೆ ಹೆಚ್ಚಬೇಕು. ತೊಳೆಯುವುದಕ್ಕಿಂತ ಮೊದಲು ಹೆಚ್ಚಬಾರದು, ಸತ್ವ ನೀರಿನ ಪಾಲಾಗುತ್ತದೆ. ಅದಕ್ಕೆ ಉಳ್ಳಾಗಡ್ಡಿ, ಸೌತಿಕಾಯಿ, ಒಂದು ಟೊಮೆಟೊ, ತುರಿದ ಗಜ್ಜರಿ. ಮೇಲೆ ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ ಅಥವಾ ಗುರೆಳ್ಳಿನ ಪುಡಿ, ಉಪ್ಪು, ಒಂದು ಚಿಟಿಕೆ ಖಾರಪುಡಿ, ಒಂದು ಚಮಚ ಹಸಿ ಎಣ್ಣೆ. ಉಣ್ಣುವ ಹೊತ್ತಿಗೆ ಲಿಂಬಿಹಣ್ಣು ಹಿಂಡಿ ಕೈಯಿಂದ ಕಲಸಬೇಕು. ಮೊದಲೇ ಕಲಸಿಟ್ಟರೆ ನೀರು ಬಿಟ್ಟು ಮೆತ್ತಗಾಗುತ್ತದೆ.

ಇದರಲ್ಲಿ ಒಂದೊಂದಕ್ಕೂ ಕೆಲಸವಿದೆ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ನಮ್ಮ ಮೈಗೆ ಸುಲಭವಾಗಿ ಹತ್ತುವಂಥದ್ದಲ್ಲ. ಲಿಂಬಿಯ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಗಜ್ಜರಿ, ಮೆಂತ್ಯೆಗಳಲ್ಲಿರುವ ಕೆರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಆ ಒಂದು ಚಮಚ ಎಣ್ಣೆ, ಶೇಂಗಾ ಪುಡಿ ಇಲ್ಲದಿದ್ದರೆ ಬಹುಪಾಲು ವ್ಯರ್ಥ. ಗುರೆಳ್ಳು, ಶೇಂಗಾಗಳು ಒಂದಿಷ್ಟು ಪ್ರೋಟೀನನ್ನೂ ಕೊಡುತ್ತವೆ. ಪುಡಿಯೊಂದು ಮೊದಲೇ ಮಾಡಿಟ್ಟಿದ್ದರೆ ಒಲೆ ಹಚ್ಚದೆ, ಹತ್ತು ನಿಮಿಷದೊಳಗೆ, ಒಂದು ಸಿವುಡು ಮೆಂತ್ಯೆಯ ದುಡ್ಡಿನಲ್ಲಿ ಇಷ್ಟೆಲ್ಲ ಸಿಗುತ್ತದೆ. ಇದನ್ನು ಕೆಡಿಸುವುದು ಯಾವುದೆಂದರೆ, ಊಟದ ತಾಟು ಎತ್ತುವ ಮೊದಲೇ ಕುಡಿಯುವ ಚಹಾ. ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹಾ ಬೇಡವೆಂದು ಪೌಷ್ಟಿಕಾಂಶ ಸಂಸ್ಥೆಯ ಆ ಮಾರ್ಗಸೂಚಿಯೂ ಹೇಳುತ್ತದೆ. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬುತ್ತಿಯೊಡನೆ ಚಹಾದ ಕಿಟ್ಲಿಯನ್ನೂ ಒಯ್ಯುವ ನಮ್ಮ ಸೀಮೆಯಲ್ಲಿ ಇದು ಮನೆಮನೆಗೂ ಮುಟ್ಟಬೇಕಾದ ಮಾತು.

ಪಚಡಿಗೆ ಹಾಕುವ ಆ ಚಿಟಿಕೆ ಖಾರಪುಡಿಗೆ ಹೆಸರಾದ ಬ್ಯಾಡಗಿ ನನ್ನ ತವರು. ಸುಗ್ಗಿಯಲ್ಲಿ ಆ ಊರಿನ ಗಾಳಿಗೇ ಬಣ್ಣವಿರುತ್ತದೆ. ಮಾರ್ಕೆಟ್ಟಿನ ದಿನ ಮೆಣಸಿನಕಾಯಿ ಚೀಲಗಳ ಸಾಲಿನ ನಡುವೆ ಸೀನದೆ ದಾಟಿದವರನ್ನು ನಾನು ಕಂಡಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಹೆಸರು ದೇಶ ವಿದೇಶದಲ್ಲಿ ಹಬ್ಬಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಕಡ್ಡಿಯಿರಲಿ, ಡಬ್ಬಿಯಿರಲಿ, ಮೈತುಂಬ ನೆರಿಗೆ, ಕಡುಗೆಂಪು ಬಣ್ಣ, ನಾಲಿಗೆಗೆ ಹದವಾದ ಖಾರ. ಈ ಬಣ್ಣವನ್ನು ಹಿಂಡಿ ತೆಗೆದು ತಿನಿಸುಗಳಿಗೆ, ತುಟಿಗೆ ಹಚ್ಚುವ ರಂಗಿಗೆ ಬಳಸುತ್ತಾರೆ. ನಮ್ಮ ಅಡುಗೆಮನೆಗೆ ಅದರ ಉಪಯೋಗ ಬೇರೆ ರೀತಿಯದು. ಪಲ್ಯ ಬಾಯಲ್ಲಿ ನೀರೂರುವಂತೆ ಕೆಂಪಗಿರಬೇಕು ಎಂದು ಎಣ್ಣೆ ಸುರಿಯುತ್ತ ಹೋಗುವ ರೂಢಿ ಬೆಳೆದಿದೆ. ಒಳ್ಳೆಯ ಬ್ಯಾಡಗಿ ಖಾರಪುಡಿಯಿದ್ದರೆ ಅರ್ಧ ಎಣ್ಣೆಯಲ್ಲೇ ಆ ಬಣ್ಣ ಬರುತ್ತದೆ, ಮಕ್ಕಳೂ ಖಾರವೆಂದು ದೂರ ಸರಿಸುವುದಿಲ್ಲ. ಹೀರಿಕಾಯಿ, ಚವಳಿಕಾಯಿ, ಬೆಂಡಿಕಾಯಿ ತಿನ್ನದ ಮಕ್ಕಳ ತಾಟಿಗೆ ಇವನ್ನು ಸೇರಿಸಲು ನಮ್ಮವ್ವ ಬಳಸಿದ್ದು ಇದನ್ನೇ.

ಮೆಣಸಿನಕಾಯಿಯ ಗುಣ ಬಣ್ಣಕ್ಕೇ ಮುಗಿಯುವುದಿಲ್ಲ. ಸಿ ಜೀವಸತ್ವವನ್ನು ಬೇರ್ಪಡಿಸಿದ ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿಗೆ ಅದು ಹೇರಳವಾಗಿ ಸಿಕ್ಕಿದ್ದು ಸೆಗೆಡ್ ಎಂಬ ಊರಿನ ಪ್ಯಾಪ್ರಿಕಾ ಮೆಣಸಿನಕಾಯಿಯಲ್ಲಿ. 1930ರ ದಶಕದ ಮಾತು. 1937ರಲ್ಲಿ ಆತನಿಗೆ ನೊಬೆಲ್ ಬಂತು. ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವ ಗುಣದಲ್ಲಿ ಪ್ಯಾಪ್ರಿಕಾ ನಮ್ಮ ಕಾಯಿಯ ಬಳಗವೇ. ಮೆಣಸಿನಕಾಯಿ ಒಣಗಿದಂತೆ ಸಿ ಜೀವಸತ್ವ ಬಹಳ ಮಟ್ಟಿಗೆ ಹೋಗುತ್ತದೆ. ಹಾಗಾಗಿ ಹಸಿ ಹಣ್ಣುಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಲಿಂಬಿಹಣ್ಣು ಕೂಡಿಸಿ ರುಬ್ಬುವ ಕೆಂಪು ಚಟ್ನಿ ನನಗೆ ಬರೀ ನಾಲಿಗೆಯ ಚಪಲವಾಗಿ ಕಾಣುವುದಿಲ್ಲ. ಆದರೂ ಬೆರಳತುದಿಯಷ್ಟು ಚಟ್ನಿ ಒಂದು ಬಟ್ಟಲು ಪಲ್ಯದ ಜಾಗ ತುಂಬಲಾರದು. ಅತ್ತಿಯವರ ಡಬ್ಬಿಯ ಬಗ್ಗೆ ನನಗಿರುವ ನೋವು ಅದೇ.

ಸೊಪ್ಪು ದುಡ್ಡು ಕೊಟ್ಟು ತರುವ ವಸ್ತುವಾಗಿದ್ದು ಇತ್ತೀಚಿನ ಸಂಗತಿ. ಜೋಳದ ಹೊಲದಲ್ಲಿ ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಬರುವಾಗ ಉಡಿಯಲ್ಲಿ ಹಕ್ಕರಕಿ ತರುತ್ತಿದ್ದರು. ನೆಲಕ್ಕೆ ಅಂಟಿಕೊಂಡು ಬೆಳೆಯುವ ಆ ತಪ್ಪಲನ್ನು ತೊಳೆದು ಹಸಿಯದೇ ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದು. ಕಿರಕಸಾಲಿ, ರಾಜಗಿರಿ, ಗೋಳಿ ಸೊಪ್ಪು, ಇವನ್ನೆಲ್ಲ ಯಾರೂ ಬಿತ್ತುತ್ತಿರಲಿಲ್ಲ. ಚಳಿಗಾಲ ಬಂದರೆ ಕಡ್ಲಿ ಹೊಲದಲ್ಲಿ ಕುಡಿ ಚಿವುಟುವ ಕೆಲಸ. ಕುಡಿ ಚಿವುಟಿದರೆ ಗಿಡ ಕವಲೊಡೆದು ಕಾಯಿ ಹೆಚ್ಚು ಹಿಡಿಯುತ್ತದೆ, ಚಿವುಟಿದ ಕುಡಿ ಮನೆಗೆ ಪಲ್ಯವಾಗುತ್ತದೆ. ಆ ಎಲೆಯ ಮೇಲಿನ ಹುಳಿ ಬೆರಳಿಗೆ ಅಂಟಿ ಚುರುಗುಡುತ್ತದೆ. ಉಳಿದದ್ದನ್ನು ಒಣಗಿಸಿ ಗಡಿಗೆಯಲ್ಲಿಟ್ಟರೆ ಬೇಸಿಗೆಗೆ ಆಗುತ್ತಿತ್ತು. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಅಲಸಂದಿ, ಮಡಿಕೆ, ಬದುವಿನಲ್ಲಿ ಪುಂಡಿ, ಗುರೆಳ್ಳು. ಮೆಣಸಿನಕಾಯಿ ಹೊಲದಲ್ಲೂ ಉಳ್ಳಾಗಡ್ಡಿ, ಹತ್ತಿ ಕೂಡಿಯೇ ಇರುತ್ತಿದ್ದವು. ಶೀಗಿ ಹುಣ್ಣಿವಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ ಬುಟ್ಟಿಯಲ್ಲಿರುವ ಪಲ್ಯಗಳ ಬಗೆ ನೋಡಿದರೆ, ಆ ಹೊಲ ಏನೇನು ಕೊಡುತ್ತಿತ್ತೆಂದು ಈಗಲೂ ಗೊತ್ತಾಗುತ್ತದೆ.

ಈಗ ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಹೋದರೆ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಗೋವಿನಜೋಳ. ರೈತನನ್ನು ದೂರುವಂತಿಲ್ಲ, ಕೂಲಿಯಾಳು ಸಿಗುವುದಿಲ್ಲ, ಜೋಳಕ್ಕೆ ಹಕ್ಕಿ ಕಾಯಬೇಕು, ಗೋವಿನಜೋಳ ಖಚಿತವಾಗಿ ಮಾರಾಟವಾಗುತ್ತದೆ. ಅದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ಕಳೆಗೆ ಔಷಧಿ ಹೊಡೆಯುತ್ತಾರೆ. ಆ ಔಷಧಿಗೆ ಕಳೆ ಯಾವುದು, ಪಲ್ಯ ಯಾವುದು ಎಂದು ತಿಳಿಯದು. ಹಕ್ಕರಕಿ ಹಾಗೆ ಹೋಯಿತು. ಔಷಧಿ ಹೊಡೆದ ಹೊಲದ ಬದುವಿನ ಸೊಪ್ಪನ್ನು ಕಿತ್ತು ತರಲು ಈಗ ನನಗೂ ಧೈರ್ಯವಿಲ್ಲ. ಬಿಟ್ಟಿ ಸಿಗುತ್ತಿದ್ದ ಪಲ್ಯ ಹೋದ ಮೇಲೆ ಅದಕ್ಕೆ ಬದಲಾಗಿ ದುಡ್ಡು ಕೊಟ್ಟು ತರುವ ಶಕ್ತಿ ಎಲ್ಲ ಮನೆಗೂ ಇಲ್ಲ. ಇದ್ದ ಮನೆಯಲ್ಲೂ ಸಂತೆಯ ಚೀಲ ವಾರದ ಮೊದಲ ಮೂರು ದಿನಕ್ಕೆ ಖಾಲಿ, ಆಮೇಲೆ ಆಲೂಗಡ್ಡೆ, ಉಳ್ಳಾಗಡ್ಡಿ.

ರಾಣೆಬೆನ್ನೂರಿನ ವಿಚಾರ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಆ ತಾಲೂಕಿನ ಹಳ್ಳಿಹಳ್ಳಿಯಲ್ಲಿ ಬೀಜದ ಪ್ಲಾಟುಗಳಿವೆ. ಟೊಮೆಟೊ, ಮೆಣಸಿನಕಾಯಿ, ಬೆಂಡಿ, ಹೀರಿ, ಹಾಗಲಗಳ ಹೈಬ್ರಿಡ್ ಬೀಜ ಅಲ್ಲಿ ತಯಾರಾಗಿ ದೂರದೂರಕ್ಕೆ ಹೋಗುತ್ತದೆ. ಕೆಲಸ ಬಹುಪಾಲು ಹೆಣ್ಣುಮಕ್ಕಳದು. ನನ್ನ ನಾದಿನಿಯ ಊರಿನಲ್ಲಿ ನೋಡಿದ್ದೇನೆ. ಅರಳಲಿರುವ ಮೊಗ್ಗನ್ನು ಸಂಜೆ ಚಿಮಟಿಗೆಯಿಂದ ಬಿಡಿಸಿ ಗಂಡು ಕೇಸರ ತೆಗೆಯುವುದು, ಮರುದಿನ ಮುಂಜಾನೆ ಬೇರೆ ಗಿಡದ ಪರಾಗವನ್ನು ಅದಕ್ಕೆ ಮುಟ್ಟಿಸುವುದು, ಗುರುತು ಮಾಡುವುದು. ಇದಕ್ಕೆ ಅವರು ಕ್ರಾಸಿಂಗ್ ಎನ್ನುತ್ತಾರೆ. ಕಣ್ಣು, ಕೈ, ಸೊಂಟ ಮೂರೂ ಸೋಲುವ ಕೆಲಸ; ಅದರ ನಾಜೂಕು ಯಾವ ಪ್ರಯೋಗಾಲಯದ ಕೆಲಸಕ್ಕೂ ಕಡಿಮೆಯಲ್ಲ. ಹಣ್ಣು ಮಾಗಿದ ಮೇಲೆ ಅವನ್ನೆಲ್ಲ ಹಿಸುಕಿ, ರಸ ಹುದುಗು ಬಂದ ಮೇಲೆ ಬೀಜ ತೊಳೆದು ಒಣಗಿಸುತ್ತಾರೆ. ತಿರುಳು ಉಳಿಯುವುದಿಲ್ಲ, ಬೀಜಕ್ಕಷ್ಟೇ ಬೆಲೆ. ದೇಶದ ಎಷ್ಟೋ ಮನೆಗಳ ಸಾರಿನ ಟೊಮೆಟೊ, ಪಲ್ಯದ ಬೆಂಡಿಕಾಯಿ ಈ ಹೆಣ್ಣುಮಕ್ಕಳ ಬೆರಳು ಹಾಯ್ದು ಬಂದದ್ದು. ಅವರ ಮಧ್ಯಾಹ್ನದ ಬುತ್ತಿ ಬಿಚ್ಚಿದರೆ ರೊಟ್ಟಿ, ಚಟ್ನಿ. ಇಲ್ಲವೆ ಅನ್ನದ ಮೇಲೆ ತಿಳಿಸಾರು. "ಇಷ್ಟು ಹೊತ್ತಿಗೆ ಎದ್ದು ಪಲ್ಯ ಯಾವಾಗ ಮಾಡೂದ್ರಿ ಅಕ್ಕಾರ?" ಎಂದು ಒಬ್ಬಾಕೆ ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು. ಮುಂಜಾನೆಯ ಪರಾಗ ಅವಳ ಒಲೆಗಾಗಿ ಕಾಯುವುದಿಲ್ಲ. ತರಕಾರಿ ಹೆಚ್ಚು ತಿನ್ನಿರೆಂದು ಉಪದೇಶ ಮಾಡುವವರು ಅವಳ ಗಡಿಯಾರವನ್ನೂ ನೋಡಬೇಕು. ಒಲೆ ಬೇಡದ ಪಚಡಿಯ ಬಗ್ಗೆ ನಾನು ಇಷ್ಟು ಹೇಳಿದ್ದು ಅವಳ ಸಲುವಾಗಿಯೇ.

ಆ ಬುತ್ತಿಯಲ್ಲಿ ಅನ್ನ ಕಂಡೆನೆಂದು ಅಕ್ಕಿಯ ಮೇಲೆ ನನಗೆ ಸಿಟ್ಟಿಲ್ಲ. 2013ರಲ್ಲಿ ಪಡಿತರ ಅಕ್ಕಿಯ ಅನ್ನಭಾಗ್ಯ ಯೋಜನೆ ಬಂದ ಮೇಲೆ ಹಸಿದು ಮಲಗುವ ಮನೆಗಳು ಕಡಿಮೆಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಜೋಳದ ಜಾಗವನ್ನು ಅಕ್ಕಿ ಹಿಡಿದಾಗ ಜೋಳದ ಹಿಂದೆ ಬರುತ್ತಿದ್ದ ಪಲ್ಯವೂ ಹಿಂದೆ ಸರಿಯಿತು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ರಾಗಿಯನ್ನೂ ಭತ್ತವನ್ನೂ ರಾಮನೆದುರು ವಾದಕ್ಕೆ ನಿಲ್ಲಿಸಿದ್ದಾರೆ. ಆರು ತಿಂಗಳು ಸೆರೆಯಲ್ಲಿಟ್ಟಾಗ ತಾಳಿ ಉಳಿದದ್ದು ರಾಗಿ. ಬಡವರ ಧಾನ್ಯದ ಪರವಾಗಿ ಹದಿನಾರನೇ ಶತಮಾನದಲ್ಲೇ ಅಂಥ ಗಟ್ಟಿ ಮಾತು ಇದೇ ನೆಲದಿಂದ ಬಂತು. ಪಲ್ಯದ ಪರವಾಗಿಯೂ ಅಷ್ಟೇ ಗಟ್ಟಿಯಾಗಿ ಮಾತಾಡುವವರು ಬೇಕು. ಹಳೆಯದೆಲ್ಲ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ನಾವು ಜವಾರಿ ಎಂದುಕೊಂಡ ಎಷ್ಟೋ ವಸ್ತುಗಳು, ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಪ್ಯಾರಲ, ಸೀತಾಫಲ, ಪಪ್ಪಾಯಿ, ಎಲ್ಲ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ನಮ್ಮ ಅಜ್ಜಿಯರು ಅವನ್ನು ಒಳಗೆ ಕರೆದು ರೊಟ್ಟಿಯ ಪಕ್ಕ ಕೂಡಿಸಿದರು. ಈಗ ಬ್ರೊಕೋಲಿ ಬಂದರೂ ಬರಲಿ, ಅದಕ್ಕೂ ಶೇಂಗಾ ಪುಡಿ ಹಾಕಿ ಪಚಡಿ ಮಾಡೋಣ.

ಹಣ್ಣಿನ ಲೆಕ್ಕದಲ್ಲಿ ಮಾತ್ರ ನಮ್ಮ ಊಟ ಮೊದಲಿನಿಂದಲೂ ಸೋತಿದೆ. ಹಣ್ಣೆಂದರೆ ದೇವರ ಮುಂದಿನದು, ಉಪವಾಸದ್ದು, ಇಲ್ಲವೆ ದವಾಖಾನೆಗೆ ಒಯ್ಯುವುದು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಹಿಮಾಚಲ, ಕಾಶ್ಮೀರಗಳಿಂದ ಬಂದ ಸೇಬು ತರುತ್ತಾರೆ, ಸಾಲ ಮಾಡಿಯಾದರೂ ತರುತ್ತಾರೆ. ಹಾವೇರಿಯ ಬಸ್‌ಸ್ಟ್ಯಾಂಡಿನ ಹೊರಗೆ ಬುಟ್ಟಿಯಲ್ಲಿ ಪ್ಯಾರಲ ಇಟ್ಟುಕೊಂಡು ಕೂತಾಕೆ, "ತೊಗೊಳ್ರಿ, ಗಿಡದಾಗ ಹಣ್ಣಾದ್ವು" ಎಂದು ಕೂಗುತ್ತಿರುತ್ತಾಳೆ. ಪ್ಯಾರಲದಲ್ಲಿ ಕಿತ್ತಳೆಗಿಂತ ನಾಲ್ಕು ಪಟ್ಟು ಸಿ ಜೀವಸತ್ವವಿದೆ. ಸೇಬಂತೂ ಅದರ ಹತ್ತಿರಕ್ಕೂ ಬರುವುದಿಲ್ಲ. ರೋಗಿಗೆ ಒಯ್ಯುವುದಾದರೆ ಇದನ್ನೇ ಒಯ್ಯಬಹುದು, ಒಯ್ದವರ ಮರ್ಯಾದೆ ಕಡಿಮೆಯಾಗುವುದಿಲ್ಲ. ದೀಪಾವಳಿಯ ಆಚೀಚೆ ಸೀತಾಫಲ, ಚಳಿಗೆ ಬಾರಿಹಣ್ಣು, ನೆಲ್ಲಿಕಾಯಿ, ಬೇಸಿಗೆಗೆ ಹಾನಗಲ್ಲಿನ ಕಡೆಯ ಆಪೂಸ್, ಮುಂಗಾರಿಗೆ ನೇರಲ, ವರ್ಷವಿಡೀ ಬಾಳೆ, ಪಪ್ಪಾಯಿ. ತಿಂಗಳು ತಿಂಗಳಿಗೆ ಒಂದೊಂದು ಇದ್ದೇ ಇದೆ. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವುದು ಬಂದಿದೆ. ಆ ಹಣ್ಣನ್ನು ಅರ್ಧ ತಿಂದು ಉಳಿದರ್ಧವನ್ನು ಮನೆಯಲ್ಲಿನ ತಮ್ಮನಿಗೆಂದು ಪಾಟಿಚೀಲದಲ್ಲಿ ಇಟ್ಟುಕೊಳ್ಳುವ ಹುಡುಗಿಯರಿದ್ದಾರೆ. ಹಂಚಿಕೊಂಡು ಕೊನೆಗೆ ಉಣ್ಣುವ ಅಭ್ಯಾಸ ಅಷ್ಟು ಬೇಗ ಶುರುವಾಗುತ್ತದೆ.

ನಮ್ಮ ಮನೆಯಲ್ಲಿ ಈಗ ಪಲ್ಯ ಒಲೆಯಿಂದ ಇಳಿದ ಕೂಡಲೇ ಮೊದಲು ತುಂಬುವುದು ಅತ್ತಿಯವರ ಬಟ್ಟಲು, ಆಮೇಲೆ ನನ್ನದು. ಮುಚ್ಚಿ ಒಂದು ಕಡೆ ಇಟ್ಟು, ಉಳಿದದ್ದನ್ನು ಊಟಕ್ಕೆ ಒಯ್ಯುತ್ತೇವೆ. ಬ್ಯಾಡಗಿಯಲ್ಲಿರುವ ನನ್ನ ಅಕ್ಕ ಇದನ್ನು ಮೊದಲು ಮಾಡಿದ್ದು. ಹೆರಿಗೆಯಾದ ಸೊಸೆಗೆ ರಕ್ತ ಕಡಿಮೆಯೆಂದು ಡಾಕ್ಟರು ಹೇಳಿದಾಗ ಕಬ್ಬಿಣದ ಗುಳಿಗೆಯ ಜೊತೆಗೆ ಈ ಕ್ರಮವನ್ನೂ ಹಚ್ಚಿದಳು, ಸೊಸೆ ಗುಣವಾದ ಮೇಲೂ ಬಿಡಲಿಲ್ಲ. ಅತ್ತಿಯವರು ಮೊದಮೊದಲು ಒಪ್ಪಲಿಲ್ಲ. "ಉಣ್ಣವರಿಗಿಂತ ಮೊದ್ಲ ಮಾಡಿದವ್ರು ತಗದಿಡೂದು ಚೊಲೊ ಅಲ್ಲ" ಎಂದು ಬಟ್ಟಲನ್ನು ತಿರುಗಿ ಬೋಗುಣಿಗೆ ಸುರಿಯುತ್ತಿದ್ದರು. ನನ್ನ ಮಗ ಒಂದು ದಿನ ತಾನೇ ತುಂಬಿಸಿ ಕೈಗೆ ಕೊಟ್ಟ ಮೇಲೆ ಸುಮ್ಮನಾದರು.

ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ, ಒಂದು ಪಪ್ಪಾಯಿ, ಗೋಡೆಗೆ ಹಬ್ಬಿಸಿದ ಹೀರಿ ಇವೆ. ಸೊಪ್ಪಿಗೆ ಸಾಬೂನಿನ ನೀರು ತಾಗಬಾರದು, ಅದಕ್ಕೆಂದು ಬೇರೆ ಮಡಿ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೃಷಿ ಕಾಲೇಜೂ ಇದೆ. ಹಿತ್ತಲ ಬೆಳೆಯ ಬಗ್ಗೆ ಏನು ಕೇಳುವುದಿದ್ದರೂ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರುಗಳವರಿಗೆ ಅದು ದೂರವಲ್ಲ. ಮೆಂತ್ಯೆಗಾದರೆ ಕೇಳುವ ಗೊಡವೆಯೂ ಬೇಡ. ಅಡುಗೆಮನೆಯ ಡಬ್ಬಿಯಿಂದಲೇ ಒಂದು ಹಿಡಿ ಕಾಳು ತೆಗೆದು ರಾತ್ರಿ ನೆನೆಹಾಕಿ, ಮಡಿಯ ಮೇಲೆ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿದರೆ ಮೂರು ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ವಾರಕ್ಕೊಂದು ಸಾಲು ಹಾಕುತ್ತ ಹೋದರೆ ಸಂತೆಯ ಚೀಲ ಖಾಲಿಯಾದ ದಿನವೂ ಪಚಡಿ ತಪ್ಪುವುದಿಲ್ಲ. ಕ್ರಾಸಿಂಗ್‌ಗೆ ಹೋಗುವ ಆ ಹೆಣ್ಣುಮಗಳಿಗೆ ನಾದಿನಿಯ ಕೈಯಲ್ಲಿ ಕಾಳು ಕಳಿಸಿದ್ದೆ. ಬಾಗಿಲ ಮುಂದೆ ಹಳೆಯ ಬುಟ್ಟಿಯಲ್ಲಿ ಹಾಕಿದ್ದಾಳಂತೆ. ಈ ಸಲದ್ದು ಮುಗಿದಿದೆ, ರಾಜಗಿರಿ ಬೀಜವಿದ್ದರೆ ಕಳಿಸಿರೆಂದು ಹೇಳಿಕಳಿಸಿದ್ದಾಳೆ.